ಸ್ಯಾನ್ ಡಿಯೇಗೊ–ನಾರ್ತ್‌ರಿಜ್: ಮಾವ ಹಾಕಿಕೊಟ್ಟ ಟೈಮಿಂಗು

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಇವತ್ತಿಗೂ ಒಂದು ಪಟ್ಟಿ ಇದೆ. ಮೂಲೆಗಳು ಸುರುಳಿ ಸುತ್ತಿಕೊಂಡಿವೆ, ಒಂದು ಕಡೆ ಸಾರಿನ ಕಲೆಯೂ ಆಗಿದೆ. ಆದರೂ ಅದನ್ನು ಕಿತ್ತು ಹಾಕಲು ನಾನು ಯಾರಿಗೂ ಬಿಟ್ಟಿಲ್ಲ. ಸ್ಯಾನ್ ಡಿಯೇಗೊದ ಯೂನಿವರ್ಸಿಟಿ ಸಿಟಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಿನಿಂದ ಲಾಸ್ ಏಂಜಲೀಸಿನ ನಾರ್ತ್‌ರಿಜ್ ಕಡೆಯ ಒಂದು ಆಸ್ಪತ್ರೆಯ ಬಾಗಿಲಿಗೆ, ವಾರದ ಯಾವ ದಿನ ಎಷ್ಟು ಗಂಟೆಗೆ ಹೊರಟರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಅದು. ರಸ್ತೆ, ರೈಲು, ವಿಮಾನ ಅಂತ ಮೂರು ಕಾಲಮ್ಮು. ಸ್ಕೇಲು ಹಿಡಿದು ಗೆರೆ ಎಳೆದದ್ದು, ಒಳಗೆ ಬರೆದದ್ದು ಎಲ್ಲ ನನ್ನ ಮಾವ, ಅಂದರೆ ಗಂಡನ ತಂದೆ.

ಮಾವ ಪಡುಬಿದ್ರಿಯಲ್ಲಿ ಬಸ್ಸಿನ ಟೈಮ್‌ಕೀಪರ್ ಆಗಿದ್ದವರು. ಬೆಂಗಳೂರಲ್ಲಿ ಬೆಳೆದ ನನಗೆ ಮದುವೆಯಾಗುವ ತನಕ ಅಂಥದೊಂದು ಕೆಲಸ ಇದೆ ಅಂತಲೇ ಗೊತ್ತಿರಲಿಲ್ಲ. ಉಡುಪಿಯಿಂದ ಮಂಗಳೂರಿಗೆ ಖಾಸಗಿ ಬಸ್ಸುಗಳು ಒಂದರ ಬಾಲ ಹಿಡಿದು ಇನ್ನೊಂದು ಓಡುತ್ತವೆ. ಪ್ರತಿ ಬಸ್ಸಿಗೂ ಪ್ರತಿ ಸ್ಟಾಪಿನಲ್ಲಿ ಇಂಥದೇ ನಿಮಿಷ ಅಂತ ಇರುತ್ತದೆ. ಎರಡು ನಿಮಿಷ ತಡವಾದ ಬಸ್ಸು ಹಿಂದಿನ ಬಸ್ಸಿನ ಜನರನ್ನೂ ತುಂಬಿಕೊಂಡು ಹೋಗಿಬಿಡುತ್ತದೆ, ಆಮೇಲೆ ಡ್ರೈವರುಗಳ ಮಧ್ಯೆ ಕೈಕೈ ಮಿಲಾಯಿಸುವುದೊಂದು ಬಾಕಿ. ಅದಾಗದಂತೆ ನೋಡಿಕೊಳ್ಳುವವನು ಟೈಮ್‌ಕೀಪರ್. ಬಸ್ಸು ಬಂದ ನಿಮಿಷ, ಬಿಟ್ಟ ನಿಮಿಷ ಬರೆದು, ತಡವಾದರೆ ಎದುರಿಗೆ ಕಾರಣ ಬರೆದು, ಡ್ರೈವರಿನ ಸಹಿ ಹಾಕಿಸಿಕೊಳ್ಳಬೇಕು. ಆ ಕಾರಣ ಡ್ರೈವರಿಗೆ ಒಪ್ಪಿಗೆಯಾದರೆ ಮಾತ್ರ ಸಹಿ. ಅದೆಲ್ಲ ಮುಗಿದ ಮೇಲೆ 'ರೈಟ್, ಪೋಯಿ' ಅಂದರೆ ಬಸ್ಸು ಹೊರಡುತ್ತದೆ. ಪೋಯಿ ಅಂದರೆ ತುಳುವಿನಲ್ಲಿ ಹೋಗೋಣ ಅಂತ. ಮೂವತ್ತು ವರ್ಷ ಮಾವ ಅದನ್ನೇ ಹೇಳಿದರು.

ಅತ್ತೆ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. 2020ರ ಶುರುವಿನಲ್ಲಿ ನಾಲ್ಕು ತಿಂಗಳು ಇದ್ದು ಹೋಗಲೆಂದು ಬಂದ ಮಾವ ಲಾಕ್‌ಡೌನಿಗೆ ಸಿಕ್ಕಿಕೊಂಡು ಇಲ್ಲೇ ಉಳಿದರು. ವೀಸಾ ಎಕ್ಸ್‌ಟೆನ್ಶನ್ನಿಗೆ ಅಪ್ಲೈ ಮಾಡುವುದೇ ಒಂದು ರಾಮಾಯಣವಾಯಿತು. ಅವರಿಗೆ ಹೊರಗೆ ಹೋಗುವ ಹಾಗಿಲ್ಲ, ಟಿವಿ ಹಿಡಿಸುವುದಿಲ್ಲ, ನನ್ನ ಅಡುಗೆಯಲ್ಲಿ ತೆಂಗಿನಕಾಯಿ ಸಾಲದು. ಅವರಿಗೆ ಉಳಿದ ಒಂದೇ ಸಂತೋಷವೆಂದರೆ ಭಾನುವಾರದ ನಾರ್ತ್‌ರಿಜ್ ಪ್ರಯಾಣ. ನನ್ನ ನಾದಿನಿ, ಅಂದರೆ ಅವರ ಮಗಳು, ಗಂಡನ ಜೊತೆ ಅಲ್ಲಿದ್ದಳು. ನಾವು ಕಾರಿನ ಕಿಟಕಿಯಿಂದ ಡಬ್ಬಿ ಕೊಟ್ಟು, ಆರಡಿ ದೂರದಿಂದ ಹರಟೆ ಹೊಡೆದು ವಾಪಸ್ ಬರುತ್ತಿದ್ದೆವು.

ಮೊದಲನೇ ಭಾನುವಾರವೇ ಮಾವ ಮುಂದಿನ ಸೀಟಿನಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಕೂತರು. ಎಲ್ಲಿ ಎಷ್ಟು ಗಂಟೆ ಅಂತ ಬರೆಯುತ್ತ ಹೋದರು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನೂರಮೂವತ್ತು ಮೈಲಿ ಚಿಲ್ಲರೆಯನ್ನು ಎರಡು ಗಂಟೆಗೆ ಎರಡು ನಿಮಿಷ ಕಡಿಮೆಯಲ್ಲಿ ಮುಟ್ಟಿದೆವು. ನನ್ನ ಗಂಡ ತಾನೇ ಆ ಫ್ರೀವೇ ಕಟ್ಟಿಸಿದವನ ಹಾಗೆ ಬೀಗಿದ.

"ಇದು ಟೈಮಿಂಗ್ ಅಲ್ಲ" ಅಂದರು ಮಾವ. "ರಸ್ತೆ ರಜೆಯಲ್ಲಿ ಉಂಟು. ಡ್ಯೂಟಿಗೆ ಬಂದ ಮೇಲೆ ನೋಡುವ."

ಅವರು ಹೇಳಿದ ಹಾಗೇ ಆಯಿತು. ಮರುವರ್ಷದ ಹೊತ್ತಿಗೆ ರಸ್ತೆ ಡ್ಯೂಟಿಗೆ ಬಂತು. ಅದೇ ದಾರಿ ಒಂದು ದಿನ ಎರಡೂವರೆ, ಇನ್ನೊಂದು ದಿನ ಮೂರೂಮುಕ್ಕಾಲು. ಇಲ್ಲಿ ಯಾರನ್ನು ಕೇಳಿದರೂ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ. ಎಲ್.ಎ. ಎಷ್ಟು ದೂರ ಅಂದರೆ ಎರಡು ಗಂಟೆ. ಮಾವನಿಗೆ ಇದನ್ನು ಸ್ವಲ್ಪವೂ ಸಹಿಸಲು ಆಗುತ್ತಿರಲಿಲ್ಲ. ಎರಡು ಗಂಟೆ ಅಂದರೆ ಎಷ್ಟು ಗಂಟೆಯ ಎರಡು ಗಂಟೆ, ಯಾವ ವಾರದ್ದು, ಹೊರಡುವುದು ಅಂದರೆ ಮನೆಯಿಂದಲೋ ಪಾರ್ಕಿಂಗಿನಿಂದಲೋ ಅಂತ ಅಡ್ಡ ಪ್ರಶ್ನೆ ಹಾಕುತ್ತಿದ್ದರು. ಗೂಗಲ್ ಮ್ಯಾಪನ್ನು ಅವರು ಹೊಸ ಕಂಡಕ್ಟರನನ್ನು ನೋಡುವ ಹಾಗೆ ನೋಡುತ್ತಿದ್ದರು. ಅದಕ್ಕೆ ಈಗಿನದು ಮಾತ್ರ ಗೊತ್ತು, ಮುಂದಿನ ಸ್ಟಾಪಿನಲ್ಲಿ ಏನಾಗುತ್ತದೆ ಅಂತ ಗೊತ್ತಿಲ್ಲ ಎನ್ನುವುದು ಅವರ ತಕರಾರು.

ಆ ವರ್ಷದ ಶುರುವಿನಲ್ಲೇ ನಾದಿನಿ ಬಸುರಿ ಎಂದು ತಿಳಿದಿತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಅಷ್ಟರಲ್ಲಿ ಅವಳ ಗಂಡ, ತನ್ನ ತಂದೆಗೆ ಹುಷಾರಿಲ್ಲವೆಂದು ಬೆಂಗಳೂರಿಗೆ ಓಡಿದವನು, ವೀಸಾ ಸ್ಟ್ಯಾಂಪಿಂಗಿನ ಅಪಾಯಿಂಟ್‌ಮೆಂಟುಗಳು ಒಂದೊಂದಾಗಿ ಕ್ಯಾನ್ಸಲ್ ಆಗಿ ಅಲ್ಲೇ ಉಳಿದ. ಆಸ್ಪತ್ರೆಯವರು ಹೆರಿಗೆ ಕೋಣೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಅಮ್ಮ ಇಲ್ಲ, ಗಂಡ ಬರುವ ಹಾಗಿಲ್ಲ. ಆ ಹೊತ್ತಿಗೆ ನಾವು ಅವಳ ಮನೆಯೊಳಗೇ ಹೋಗಿ ಕೂರುತ್ತಿದ್ದೆವು. ಒಂದು ಭಾನುವಾರ ನಾದಿನಿ ನನ್ನನ್ನು ಅಡುಗೆಮನೆಗೆ ಕರೆದು, "ಅತ್ತಿಗೆ, ನೀವು ಬರ್ತೀರಲ್ಲ? ನಂಗೆ ಒಬ್ಬಳೇ ಇರ್ಲಿಕ್ಕೆ ಹೆದರಿಕೆ ಆಗ್ತದೆ" ಅಂದಳು. ಅವಳು ಹೆದರಿಕೆ ಅನ್ನುವ ಪದ ಬಳಸಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಿನ್ನ ಕೈ ಹಿಡ್ಕೊಂಡೇ ಇರ್ತೀನಿ, ಸುಮ್ಮನಿರು" ಅಂತ ಮಾತು ಕೊಟ್ಟೆ.

ಮಾವ ಇದನ್ನು ಹಾಲ್‌ನಿಂದ ಕೇಳಿಸಿಕೊಂಡಿದ್ದರು. ಮಾರನೇ ದಿನದಿಂದ ಅವರ ಕೆಲಸ ಗಂಭೀರವಾಯಿತು. ಹೊಸ ರೂಟು ಶುರು ಮಾಡುವ ಮುಂಚೆ ಖಾಲಿ ಬಸ್ಸು ಓಡಿಸಿ ನೋಡುತ್ತಾರಂತೆ. ಹಾಗೆ ನಮ್ಮನ್ನೂ ಓಡಿಸಿದರು. ಶನಿವಾರ ಬೆಳಗ್ಗೆ ಆರಕ್ಕೆ ಒಂದು ಸಲ, ಮಂಗಳವಾರ ಸಂಜೆ ಒಂದು ಸಲ, ನಾನು ರಜೆ ಹಾಕಿದ ಒಂದು ಶುಕ್ರವಾರ ಮಧ್ಯಾಹ್ನ ಒಂದು ಸಲ. ಕಾರ್ಲ್ಸ್‌ಬಾಡ್‌ನ ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರಾದ ನನ್ನ ಗಂಡನಿಗೆ ತಲೆ ಕೆಟ್ಟುಹೋಯಿತು. "ಅಪ್ಪ, ಇಷ್ಟೆಲ್ಲ ಎಂಥಕ್ಕೆ? ಫ್ಲೈಟ್ ಉಂಟು. ಐವತ್ತು ನಿಮಿಷ. ಕೂತ್ರೆ ಮುಗೀತು" ಅಂದ.

ಮಾವ ಇಲ್ಲ ಅನ್ನಲಿಲ್ಲ. "ಹಾಗಾದ್ರೆ ಅದನ್ನೂ ನೋಡುವ" ಅಂದರು.

ಏಪ್ರಿಲ್‌ನಲ್ಲಿ ನಾನೂ ಮಾವನೂ ನಾರ್ತ್‌ರಿಜ್‌ನಿಂದ ವಿಮಾನದಲ್ಲಿ ಬಂದೆವು. ಅದು ನೋಡಬೇಕಾದ ದೃಶ್ಯ. ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ, ಕೈಯಲ್ಲಿ ನೋಟ್‌ಬುಕ್ಕು. ಮಗಳ ಮನೆಯ ಬಾಗಿಲು ದಾಟಿದ ನಿಮಿಷದಿಂದ ಬರೆಯಲು ಶುರು ಮಾಡಿದವರು ಸೆಕ್ಯುರಿಟಿಯಲ್ಲಿ ಚಪ್ಪಲಿ ಬಿಚ್ಚಿದ್ದನ್ನೂ ಹಾಕಿದ್ದನ್ನೂ ಬರೆದರು. ವಿಮಾನ ನೆಲ ಬಿಟ್ಟಾಗ ಗಡಿಯಾರ ನೋಡಿದರು, ನೆಲ ಮುಟ್ಟಿದಾಗ ನೋಡಿದರು. ಎಡಗಡೆ ಇಡೀ ಕರಾವಳಿ ಬಿಸಿಲಿಗೆ ಹೊಳೆಯುತ್ತಿತ್ತು, ಅವರು ಒಂದು ಸಲವೂ ಆ ಕಡೆ ಕತ್ತೆತ್ತಲಿಲ್ಲ.

"ಮೂವತ್ತೊಂದು ನಿಮಿಷ" ಅಂದರು ಇಳಿದ ಮೇಲೆ. ಧ್ವನಿಯಲ್ಲಿ ಮೆಚ್ಚುಗೆ ಇತ್ತು. "ಡ್ರೈವರ್ ಒಳ್ಳೆಯವ. ಆದ್ರೆ ಮನೆಯಿಂದ ಮನೆಗೆ ನಾಲ್ಕು ಗಂಟೆ ಐದು ನಿಮಿಷ. ಮೂವತ್ತೊಂದು ನಿಮಿಷ ಹಾರ್ಲಿಕ್ಕೆ ಮೂರೂವರೆ ಗಂಟೆ ಕೂತ್ಕೊಂಡದ್ದು."

ಆ ವಾರ ಫ್ರಿಜ್ಜಿನ ಮೇಲೆ ಪಟ್ಟಿ ಏರಿತು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೆ ಅವರ ಮೇಲೆ ಒಳಗೊಳಗೇ ಅಭಿಮಾನ ಹುಟ್ಟಿತ್ತು. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಎಂಥೆಂಥ ಡಿಗ್ರಿಯವರಿದ್ದಾರೆ, ಆದರೆ ತಾವು ಅಳೆಯುತ್ತಿರುವುದು ಏನನ್ನು, ಎಲ್ಲಿಂದ ಎಲ್ಲಿಯವರೆಗೆ ಅಂತ ಇಷ್ಟು ಖಚಿತವಾಗಿ ಕೇಳಿಕೊಳ್ಳುವವರು ಕಡಿಮೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಮನುಷ್ಯ ಎರಡು ಊರಿನ ನಡುವಿನ ದೂರವನ್ನು ಬಾಗಿಲಿನಿಂದ ಬಾಗಿಲಿಗೆ ಅಳೆದಿಟ್ಟಿದ್ದರು. ಆದರೆ ಅಭಿಮಾನ ಬೇರೆ, ಒಂದೇ ಸೂರಿನಡಿ ದಿನಾ ಬೆಳಗ್ಗೆ ಮುಖ ನೋಡುವುದು ಬೇರೆ.

ಜೂನ್ ತಿಂಗಳ ಒಂದು ಬುಧವಾರ ನಾನು ಸಿಡಿದೆ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನ ಇತ್ತು. ಮಾವ, ನೀನು ನಾಳೆಯೇ ಹೋಗಿ ಅಲ್ಲಿ ಇರುವುದು ಒಳ್ಳೆಯದು ಅಂದರು. ನಾನು ಇದ್ದಬದ್ದ ರಜೆಯನ್ನೆಲ್ಲ ಬಾಣಂತನಕ್ಕೆಂದು ಕೂಡಿಟ್ಟಿದ್ದೆ, ಲ್ಯಾಬಿನಲ್ಲಿ ಅರ್ಧಕ್ಕೆ ಬಿಡಲಾಗದ ಕೆಲಸ ಇತ್ತು. ಹೇಳಿದೆ. ಅವರು ಮತ್ತೆ ಅದನ್ನೇ ಹೇಳಿದರು. ಊಟಕ್ಕೆ ಕೂತಾಗ ಮೂರನೇ ಸಲ ಹೇಳಿದರು.

"ಮಾವ, ಇದು ಪಡುಬಿದ್ರಿ ಅಲ್ಲ" ಅಂದೆ. "ನಾನು ನಿಮ್ಮ ಡ್ರೈವರೂ ಅಲ್ಲ. ನೀವು ಹೇಳಿದ ನಿಮಿಷಕ್ಕೆ ಹೊರಡೋಕಾಗಲ್ಲ, ನನಗೂ ಒಂದು ಕೆಲಸ ಅಂತ ಇದೆ."

ಅವರು ಬಾಯಲ್ಲಿದ್ದ ತುತ್ತು ನುಂಗಿ, "ಹೌದು" ಅಂದರು. ಅಷ್ಟೇ. ಕೈ ತೊಳೆದು ನೋಟ್‌ಬುಕ್ಕನ್ನು ತಮ್ಮ ಪೆಟ್ಟಿಗೆಯೊಳಗೆ ಇಟ್ಟರು. ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಲಿಲ್ಲ. ಹೇಳಿದ್ದು ಜಾಸ್ತಿಯಾಯಿತು ಅಂತ ನನಗೆ ಆಗಲೇ ಅನ್ನಿಸಿತ್ತು, ಆದರೆ ಸೋತು ಕ್ಷಮೆ ಕೇಳುವ ಜಾಯಮಾನ ನನ್ನದಲ್ಲ.

ಶುಕ್ರವಾರ ಬೆಳಗ್ಗೆ ಮಾವ ಎಂದಿನಂತೆ ಮಗಳಿಗೆ ಫೋನು ಮಾಡಿದರು. ದಿನಾ ಎಂಟು ಗಂಟೆಯ ಮಾತುಕತೆ ಅದು. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಫೋನಿಟ್ಟು ಅವರು ಬಾಗಿಲ ತನಕ ನನ್ನ ಹಿಂದೆ ಬಂದರು. ಏನೋ ಹೇಳುವವರ ಹಾಗೆ ನಿಂತರು. "ಏನು ಮಾವ?" ಅಂದೆ. "ಎಂಥ ಇಲ್ಲ. ಹೋಗಿ ಬಾ" ಅಂದರು.

ಹನ್ನೆರಡೂ ಐವತ್ತಕ್ಕೆ ನಾದಿನಿಯ ಫೋನು. ನೀರು ಹೋಗಿದೆ, ಪಕ್ಕದ ಮನೆಯವರು ಆಸ್ಪತ್ರೆಗೆ ಬಿಟ್ಟಿದ್ದಾರೆ, ಬೆಳಗಿನಿಂದ ಸಣ್ಣಗೆ ನೋವಿತ್ತು, ಸುಳ್ಳು ನೋವು ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಲ್ಯಾಬಿನಿಂದ ಮನೆಗೆ ಐದು ನಿಮಿಷ. ಬ್ಯಾಗು ಎತ್ತಿಕೊಂಡು ಅಡುಗೆಮನೆಯಲ್ಲಿ ನಿಂತೆ. ಫ್ರಿಜ್ಜಿನ ಮೇಲೆ ಶುಕ್ರವಾರ ಒಂದು ಗಂಟೆಯ ಸಾಲು ಎದುರಿಗೇ ಇತ್ತು. ರಸ್ತೆ 3.35. ವಿಮಾನ 4.10. ರೈಲಿನದ್ದು ಎರಡಕ್ಕಿಂತಲೂ ಜಾಸ್ತಿ. ಫೋನಿನಲ್ಲಿ ಗಂಡ, "ಮ್ಯಾಪಲ್ಲಿ ದಾರಿಯೆಲ್ಲ ಕೆಂಪು ಉಂಟು. ಫ್ಲೈಟ್ ಹಿಡಿ. ಎರಡೂ ಮುಕ್ಕಾಲಿನದ್ದು ಉಂಟು, ನಾನು ಬುಕ್ ಮಾಡ್ತೇನೆ. ಐವತ್ತೇ ನಿಮಿಷ" ಅಂದ.

 ಆ ಗಾಬರಿಯಲ್ಲಿ ಮೂರೂವರೆ ಗಂಟೆ ಸ್ಟಿಯರಿಂಗ್ ಹಿಡಿಯುವುದಕ್ಕಿಂತ ಯಾರೋ ಓಡಿಸುವ ಗಾಡಿಯಲ್ಲಿ ಐವತ್ತು ನಿಮಿಷ ಕೂರುವುದು ವಾಸಿ ಅನ್ನಿಸಿತು. ಪಟ್ಟಿಯಲ್ಲಿರುವುದು ಸುಳ್ಳಲ್ಲ ಅಂತ ಗೊತ್ತಿದ್ದೂ ಐವತ್ತು ಎಂಬ ಸಂಖ್ಯೆ ನನ್ನನ್ನು ಎಳೆಯಿತು. ಮಾವ ಪಕ್ಕದಲ್ಲೇ ನಿಂತಿದ್ದರು. ಅವರ ಕಣ್ಣು ಆ ಸಾಲಿನ ಮೇಲಿತ್ತು. "ಫ್ಲೈಟಲ್ಲಿ ಹೋಗ್ತೀನಿ ಮಾವ" ಅಂದೆ. ಅವರು ತಲೆಯಾಡಿಸಿದರು. ಒಂದು ಗಂಟೆ ಐದು ನಿಮಿಷಕ್ಕೆ ಮನೆ ಬಿಟ್ಟೆ.

ಒಂದೂವರೆಗೆ ಏರ್‌ಪೋರ್ಟಿನಲ್ಲಿದ್ದೆ. ಅಷ್ಟು ಬೇಗ ತಲುಪಿದ್ದಕ್ಕೆ ಖುಷಿಯೂ ಪಟ್ಟೆ. ಆಮೇಲೆ ನಾನು ಮಾಡಿದ್ದು ಬರೀ ಕೂತದ್ದು. ಎಲ್.ಎ. ಕಡೆಯಿಂದ ಬರಬೇಕಾದ ವಿಮಾನವೇ ತಡವಾಗಿ ಬಂತು. ನೆಲ ಬಿಟ್ಟಾಗ ಮೂರೂ ಇಪ್ಪತ್ತೈದು. ಮಾವನ ಅಭ್ಯಾಸ ನನಗೂ ಅಂಟಿತ್ತೋ ಏನೋ, ಗಡಿಯಾರ ನೋಡುತ್ತಲೇ ಇದ್ದೆ. ಮೂರೂ ಐವತ್ತಾರಕ್ಕೆ ಇಳಿಯಿತು. ಅದೇ ಮೂವತ್ತೊಂದು ನಿಮಿಷ. ಆಮೇಲೆ ಟ್ಯಾಕ್ಸಿ ಸಿಗುವ ಜಾಗಕ್ಕೆ ಹೋಗಲು ಒಂದು ಬಸ್ಸು, ಅಲ್ಲಿ ಕ್ಯೂ, ಆಮೇಲೆ ಶುಕ್ರವಾರ ಸಂಜೆಯ 405 ಫ್ರೀವೇ. ಕಾರುಗಳು ನಿಂತಲ್ಲೇ ನಿಂತಿದ್ದವು. ನಡೆದುಕೊಂಡು ಹೋಗುತ್ತೇನೆ ಎಂದು ಟ್ಯಾಕ್ಸಿ ಡ್ರೈವರಿಗೆ ಹೇಳಿದ್ದು ನೆನಪಿದೆ. ಅವನು ಪಾಪ, ಕನ್ನಡಿಯಲ್ಲಿ ನನ್ನನ್ನು ನೋಡಿ ಒಂದು ನೀರಿನ ಬಾಟಲಿ ಕೊಟ್ಟ.

ಆಸ್ಪತ್ರೆಯ ಬಾಗಿಲಲ್ಲಿ ಆರು ಗಂಟೆ ಐದು ನಿಮಿಷ.

ನಾದಿನಿ ಹಾಸಿಗೆಯಲ್ಲಿ ಒರಗಿದ್ದಳು, ಎದೆಯ ಮೇಲೆ ಕೂಸು. ಕೆಂಪಗೆ, ಮುಷ್ಟಿ ಬಿಗಿ ಹಿಡಿದುಕೊಂಡ ಹೆಣ್ಣುಕೂಸು. "ಅತ್ತಿಗೆ, ಐದು ನಲವತ್ತಮೂರು" ಅಂದಳು. "ನಾನೇ ಗಡಿಯಾರ ನೋಡಿದೆ. ಅಪ್ಪನಿಗೆ ಹೇಳ್ಬೇಕು." ಅಪ್ಪನ ಮಗಳು. ಒಬ್ಬಳೇ ಮಲಗಿ ಆ ನೋವಿನಲ್ಲೂ ನಿಮಿಷ ನೋಡಿದ್ದಾಳೆ. ಆಮೇಲೆ ನನ್ನ ಕೈಹಿಡಿದು, ತಪ್ಪು ಹೊರಿಸುವ ದನಿಯಲ್ಲಲ್ಲ, ಆದದ್ದನ್ನು ಹೇಳುವವಳ ಹಾಗೆ, "ನೀವು ಬರ್ತೀರಿ ಅಂತ ಬಾಗಿಲು ನೋಡ್ತಾ ಇದ್ದೆ" ಅಂದಳು. ನಾನು ಕೂಸಿನ ಪಾದ ಮುಟ್ಟುವ ನೆಪದಲ್ಲಿ ಮುಖ ತಗ್ಗಿಸಿದೆ.

ಮಾವನಿಗೆ ಫೋನು ಮಾಡಿದೆ. ಮಗು, ಬಾಣಂತಿ ಎಲ್ಲ ಕೇಳಿದರು, ಹುಟ್ಟಿದ ಸಮಯ ಎರಡು ಸಲ ಹೇಳಿಸಿಕೊಂಡರು. ಕೊನೆಗೆ, "ನೀನು ಎಷ್ಟಕ್ಕೆ ಮುಟ್ಟಿದೆ?" ಅಂದರು. ಆರೂ ಐದು ಅಂದೆ. ಹಾಳೆ ಮಗುಚಿದ ಸದ್ದು ಕೇಳಿಸಿತು. "ಆಯ್ತು. ನೀನು ಎಂಥಾದ್ರೂ ತಿನ್ನು ಮಾರಾಯ್ತಿ" ಅಂದರು. ನನ್ನ ತಪ್ಪು ಆ ಹಾಳೆಯಲ್ಲಿ ದಾಖಲಾಯಿತು ಅಂದುಕೊಂಡೆ.

ಬಾಣಂತನ ಮುಗಿಸಿ ಮನೆಗೆ ಬಂದದ್ದು ಐದು ವಾರದ ಮೇಲೆ. ಅಷ್ಟು ದಿನವೂ ಕೂಸಿಗೆ ನೀರೆರೆಯುವಾಗ, ಬಾಣಂತಿಗೆ ಮೆಣಸಿನ ಸಾರು ಮಾಡುವಾಗ ಆ ಇಪ್ಪತ್ತೆರಡು ನಿಮಿಷ ನನ್ನ ಜೊತೆಗೇ ಇತ್ತು. ರಸ್ತೆ ಹಿಡಿದಿದ್ದರೆ ನಾಲ್ಕೂ ನಲವತ್ತಕ್ಕೆ ಮುಟ್ಟಿರುತ್ತಿದ್ದೆ. ಒಂದು ಗಂಟೆ ಮೇಲೆ ಅವಳ ಕೈ ಹಿಡಿದುಕೊಂಡಿರುತ್ತಿದ್ದೆ. ಮನೆಗೆ ಬಂದ ಮಧ್ಯಾಹ್ನ ಮಾವ ಕೆಳಗೆ ವಾಕಿಂಗಿಗೆ ಹೋಗಿದ್ದರು. ಅವರ ನೋಟ್‌ಬುಕ್ಕು ಪೆಟ್ಟಿಗೆಯಿಂದ ಹೊರಗೆ, ಮೇಜಿನ ಮೇಲಿತ್ತು. ತೆರೆದೆ. ನನ್ನ ತಪ್ಪನ್ನು ಅವರ ಅಕ್ಷರದಲ್ಲಿ ಓದಿಬಿಟ್ಟರೆ ಹಗುರವಾಗುತ್ತದೆ ಅನ್ನುವ ಆಸೆ ಇತ್ತು.

ಶುಕ್ರವಾರದ ಸಾಲು ಸಿಕ್ಕಿತು. ಬಿಟ್ಟದ್ದು 1.05. ಮುಟ್ಟಿದ್ದು 6.05. ಕೂಸು 5.43. ತಡ 22 ನಿಮಿಷ. ಎದುರಿಗೆ, ಕಾರಣ ಬರೆಯುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಹೀಗಿತ್ತು:

'ಬೆಳಿಗ್ಗೆ ಫೋನಲ್ಲಿ 8.10ಕ್ಕೆ ಅವಳ ಮಾತು ನಿಂತಿತು. 8.19ಕ್ಕೆ ಮತ್ತೆ ನಿಂತಿತು. ಒಂಬತ್ತು ನಿಮಿಷ. ನೋವು ಅಂತ ಗೊತ್ತಾಯಿತು. ಆಗಲೇ ರೈಟ್ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ಟೈಮ್‌ಕೀಪರ್‌ನದ್ದು.'

ಪಕ್ಕದಲ್ಲಿ ಡ್ರೈವರ್ ಸಹಿ ಎಂದು ಬರೆದು ಜಾಗ ಬಿಟ್ಟಿದ್ದರು.

ಬಾಗಿಲ ತನಕ ಹಿಂದೆ ಬಂದು ಅವರು ನಿಂತದ್ದು ಯಾಕೆ ಅಂತ ಆಗ ತಿಳಿಯಿತು. ಮೂವತ್ತು ವರ್ಷ ಬಾಯಿಗೆ ರೂಢಿಯಾದ ಮಾತನ್ನು ಅವರು ನುಂಗಿಕೊಂಡದ್ದು ನನ್ನಿಂದ. ನಾನು ತುಂಬ ಹೊತ್ತು ಅಳುತ್ತ ಕೂತೆ. ಅವರು ಬರುವ ಹೊತ್ತಿಗೆ ಮುಖ ತೊಳೆದು ನೋಟ್‌ಬುಕ್ಕು ಹಿಡಿದು ಕೂತಿದ್ದೆ.

"ಮಾವ, ಈ ಸಾಲಿಗೆ ನಾನು ಸಹಿ ಹಾಕಲ್ಲ."

ಅವರು ಶೂ ಬಿಚ್ಚುತ್ತ, "ಡ್ರೈವರ್ ಸಹಿ ಹಾಕದಿದ್ರೂ ರೆಕಾರ್ಡು ರೆಕಾರ್ಡೇ" ಅಂದರು.

"ಅವತ್ತು ಬುಧವಾರ ನಾನು ಹಾಗೆ ಹೇಳಬಾರದಿತ್ತು."

"ಡ್ರೈವರ್‌ಗಳು ಬೈತಾರೆ. ಬೈದ್ರು ಅಂತ ಟೈಮ್‌ಕೀಪರ್ ಬಾಯಿ ಮುಚ್ಚಿ ಕೂರ್ಲಿಕ್ಕೆ ಉಂಟಾ?" ಅಂದು, ಚಹಾ ಇದೆಯೇ ಎಂದು ಕೇಳಿದರು. ಚಹಾ ಮಾಡಿದೆ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ನಾದಿನಿಯ ಗಂಡನಿಗೆ ಕೊನೆಗೂ ಸ್ಟ್ಯಾಂಪಿಂಗ್ ಆಗಿ ಅವನು ಬಂದಿಳಿದದ್ದು ನವೆಂಬರಿನಲ್ಲಿ. ಅದರ ಮುಂದಿನ ಶನಿವಾರ ಕೂಸಿಗೆ ಹೆಸರಿಡುವ ಶಾಸ್ತ್ರ ಇಟ್ಟುಕೊಂಡರು. ಮುಹೂರ್ತ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ನಾವು ಮೂವರೂ ಕಾರಿನಲ್ಲಿ ಕೂತೆವು. ನಾನು ಸ್ಟಿಯರಿಂಗಿನ ಹಿಂದೆ, ಮಾವ ಪಕ್ಕದಲ್ಲಿ ನೋಟ್‌ಬುಕ್ಕಿನ ಜೊತೆ, ಹಿಂದಿನ ಸೀಟಿನಲ್ಲಿ ಗಂಡ ಹೋಳಿಗೆ ಡಬ್ಬಿಗಳ ನಡುವೆ. ಎಂಜಿನ್ ಆನ್ ಮಾಡಿ ಎರಡೂ ಕೈ ತೊಡೆಯ ಮೇಲಿಟ್ಟು ಕೂತೆ.

"ಎಂಥ ಆಯ್ತು?" ಅಂದರು ಮಾವ.

"ನೀವು ಹೇಳದೆ ಗಾಡಿ ಹೊರಡಲ್ಲ."

ಹಿಂದಿನಿಂದ ಗಂಡ, "ಮ್ಯಾಪ್‌ನಲ್ಲಿ ಈಗ ಕ್ಲಿಯರ್ ಉಂಟು, ಬಿಡು ಬಿಡು" ಅಂತ ಶುರು ಮಾಡಿದ. ನಾನು ಅಲ್ಲಾಡಲಿಲ್ಲ. ಮಾವ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಸರಿಸಿ ವಾಚು ನೋಡಿದರು.

"ಇನ್ನು ಎರಡು ನಿಮಿಷ ಉಂಟು" ಅಂದರು.

ಎರಡು ನಿಮಿಷ ನಾವು ಮೂವರೂ ಆ ಪಾರ್ಕಿಂಗಿನಲ್ಲಿ ಸುಮ್ಮನೆ ಕೂತೆವು. ಮಾವ ನೋಟ್‌ಬುಕ್ಕು ತೆರೆದು ಸಮಯ ಬರೆದು, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮುಂದೆ ನೋಡುತ್ತ ಹೇಳಿದರು:

"ರೈಟ್. ಪೋಯಿ."